ನನ್ನ ತೂಕದ ಬೆಲ್ಲ

ಶಿವ ನನಗೆ ಕೊಡಬೇಕಾದ್ದನ್ನೆಲ್ಲ ಕೊಟ್ಟಿದ್ದಾನೆ. ಕೊಟ್ಟದ್ದರಲ್ಲಿ ತಿನ್ನುವಂಥದ್ದನ್ನು ನಾನು ಒಂದಗುಳೂ ಬಿಟ್ಟವಳಲ್ಲ. ಐವತ್ತು ಹತ್ತಿರವಾದಾಗಿನಿಂದ ತಟ್ಟೆಯ ಮುಂದೆ ಕೂತು ನಾಚಿಕೆಪಡದ ವಾರವೇ ಇಲ್ಲ. ಇನ್ನು ಹಿಂಗಾಗಬಾರದು ಅಂತ ದೇವರ ಮುಂದೆ ಕೆನ್ನೆ ಬಡಿದುಕೊಂಡು ಎದ್ದರೆ, ಸಂಜೆಯೊಳಗೆ ಮತ್ತೊಂದು ಆಗಿರುತ್ತದೆ. ಮುಚ್ಚಿಟ್ಟುಕೊಂಡರೆ ಅದೂ ಮೈಗೇ ಹತ್ತೀತು ಅಂತ ಹೇಳಿಬಿಡುತ್ತಿದ್ದೇನೆ.

೧. ಉಪವಾಸ

ಮೊಣಕಾಲು ನೋವು ಅಂತ ಹೊನ್ನಾಳಿಯ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ನನ್ನ ಮಗಳ ವಯಸ್ಸಿನ ಹುಡುಗಿ. ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಎಂಬತ್ತೆರಡು!

"ಮುಟ್ಟು ನಿಲ್ಲೋ ವಯಸ್ಸು ಅಮ್ಮ. ಮೊದಲಿನ ಹಂಗೇ ಉಂಡ್ರೆ ಮೈಗೆ ಹತ್ತಿಬಿಡುತ್ತೆ. ಆರು ತಿಂಗಳಲ್ಲಿ ಎಂಟು ಕಿಲೋ ಇಳಿಸ್ರಿ. ಇಲ್ಲಾಂದ್ರೆ ಈ ಮಂಡಿಯಲ್ಲಿ ನೆಲಕ್ಕೆ ಕೂರೋದು ಬಂದ್. ಪೂಜೆನೂ ಕುರ್ಚಿ ಮೇಲೇ ಮಾಡಬೇಕಾಗುತ್ತೆ."

ಎಂಟನೇ ವಯಸ್ಸಿಗೆ ಲಿಂಗದೀಕ್ಷೆಯಾದಾಗಿನಿಂದ ನೆಲದ ಮೇಲೆ ಮಣೆ ಹಾಕಿಕೊಂಡು, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿದವಳು ನಾನು. ಬ್ಯಾಂಕಿನಲ್ಲಿ ಪಾಳಿಗೆ ಕೂತವರ ಹಾಗೆ ಕುರ್ಚಿಯ ಮೇಲೆ ಕೂತು ಶಿವನಿಗೆ ಹೆಂಗೆ ಮುಖ ತೋರಿಸಲಿ?

"ನಾನು ಜಾಸ್ತಿ ಏನೂ ಉಣ್ಣಲ್ಲ ತಾಯಿ. ಸೋಮವಾರ ಪೂರ್ತಿ ಉಪವಾಸ" ಅಂದೆ.

"ಅವತ್ತು ಏನು ತಗೊಂತೀರಿ?"

"ಏನೂ ಇಲ್ಲ."

ಪಕ್ಕದಲ್ಲಿದ್ದ ನಮ್ಮ ಯಜಮಾನರು ಕೆಮ್ಮಿದರು. ದೇವರ ವಿಷಯ, ಸುಳ್ಳು ಹೇಳಬಾರದು ಅಂತ ಒಂದೊಂದಾಗಿ ಹೇಳಿದೆ. ಬೆಳಿಗ್ಗೆ ಒಗ್ಗರಣೆ ಅವಲಕ್ಕಿ, ನಾಲ್ಕು ಬಾಳೆಹಣ್ಣು. ಮಧ್ಯಾಹ್ನ ತುಪ್ಪ ಹಾಕಿದ ಸಬ್ಬಕ್ಕಿ ಉಪ್ಪಿಟ್ಟು. ಸಂಜೆ ಶೇಂಗಾ ಉಂಡೆ. ಆಮೇಲೆ ರವೆ ಸಜ್ಜಿಗೆ, ಗಟ್ಟಿ ಹಾಲು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೈ ಮುಗಿದರು. "ಅಮ್ಮಾ, ದಯವಿಟ್ಟು ಸೋಮವಾರ ಊಟ ಮಾಡ್ರಿ."

೨. ವಾಕಿಂಗ್

ಮಾರನೆಯ ದಿನವೇ ಪಕ್ಕದ ಮನೆಯ ಅಕ್ಕನ ಜೊತೆ ಬೆಳಗಿನ ನಡಿಗೆ ಶುರು ಮಾಡಿದೆ. ಅವರೂ ನನ್ನ ಹಾಗೇ, ಕೈಯ ಬಳೆ ಬಿಚ್ಚಲು ಸೋಪು ಹಚ್ಚಬೇಕಾದವರು. ಸುಮ್ಮನೆ ನಡೆಯುವುದಕ್ಕಿಂತ ದೇವರ ದರ್ಶನವೂ ಆಗಲಿ ಅಂತ ಹೊಳೆ ಕಡೆಯ ಮೂರು ಗುಡಿ ಮುಟ್ಟಿ ಬರುವ ದಾರಿ ಹಿಡಿದೆವು. ಅದು ಧನುರ್ಮಾಸ. ಮೊದಲನೇ ಗುಡಿಯಲ್ಲಿ ಬಿಸಿಬಿಸಿ ಹುಗ್ಗಿ, ಎರಡನೆಯದರಲ್ಲಿ ಸಿಹಿ ಪೊಂಗಲ್, ಮೂರನೆಯದರಲ್ಲಿ ಪುಳಿಯೋಗರೆ.

"ಬ್ಯಾಡ ಅನ್ನೋಣೇನಕ್ಕಾ?" ಅಂದೆ ಮೆತ್ತಗೆ.

"ಪ್ರಸಾದ ಬ್ಯಾಡ ಅಂತಾರೇನ್ರೀ? ಅದು ಮೈಗೆ ಹತ್ತಲ್ಲ, ಆತ್ಮಕ್ಕೆ ಹತ್ತುತ್ತೆ" ಅಂದರು ಅಕ್ಕ, ಎರಡನೇ ದೊನ್ನೆಗೆ ಕೈ ಚಾಚಿ.

ಯಜಮಾನರಿಗೆ ಅಂತ ಮನೆಗೂ ಒಂದು ದೊನ್ನೆ ತರುತ್ತಿದ್ದೆ. ಅವರಿಗೆ ಸಕ್ಕರೆ ಕಾಯಿಲೆ, ತಿನ್ನುವ ಹಾಗಿಲ್ಲ. ಪ್ರಸಾದ ಚೆಲ್ಲುವ ಹಾಗೂ ಇಲ್ಲ. ಶಿವ ಶಿವ, ಅದನ್ನೂ ನಾನೇ ಮುಗಿಸುತ್ತಿದ್ದೆ.

ಒಂದಿನ ಅಕ್ಕನಿಗೆ ಜ್ವರ, ನಾನೊಬ್ಬಳೇ ಹೋದೆ. ಮೂರನೇ ಗುಡಿಯ ಪೂಜಾರಪ್ಪ ಎಲ್ಲರೆದುರು ಕೂಗಿದರು: "ಏನಮ್ಮಾ, ಇವತ್ತು ಒಬ್ಬರೇ? ಅಯ್ಯೋ, ಮೊದಲೇ ಹೇಳಿದ್ರೆ ಅಕ್ಕಿ ಕಮ್ಮಿ ಹಾಕ್ತಿದ್ವಲ್ಲ!"

೩. ಅರ್ಧ ರೊಟ್ಟಿ

ಬಿಳಿಚೋಡಿನಲ್ಲಿ ನನ್ನ ತಂಗಿಯ ಮನೆ. ಅವಳ ಅತ್ತೆಗೆ ಎಪ್ಪತ್ತೈದು ದಾಟಿದೆ. ಈಗಲೂ ಕುರಿ ಹಿಂದೆ ಗುಡ್ಡ ಹತ್ತಿ ಇಳಿಯುವ, ಕಡ್ಡಿಯಂಥ ಹೆಂಗಸು. ಊಟಕ್ಕೆ ಕೂತಾಗ ಗಟ್ಟಿ ಮನಸ್ಸು ಮಾಡಿ ಹೇಳಿದೆ: "ನನಗೆ ಅರ್ಧ ರೊಟ್ಟಿ ಸಾಕು."

ಅತ್ತೆಯ ಕೈ ಅಲ್ಲೇ ನಿಂತಿತು. "ಯಾಕವ್ವಾ, ನಮ್ಮನಿ ರೊಟ್ಟಿ ಸೇರವಲ್ದೇನು? ನನ್ನ ಸೊಸೆ ಏನಾರ ಅಂದಳೇನು?"

"ಹಂಗಲ್ಲ ದೊಡ್ಡಮ್ಮ, ಮೈ ಇಳಿಸಾಕೆ ಡಾಕ್ಟರು ಹೇಳ್ಯಾರೆ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ, ಸಂತೆಯಲ್ಲಿ ಟಗರು ನೋಡುವ ಹಾಗೆ ನೋಡಿದರು. "ತಿಂದದ್ದು ಮೈಗೆ ಹತ್ತಲಿ ಅಂತ ನಾವು ಕುರಿಗಳಿಗೆ ಇಲ್ಲದ ಔಷಧಿಯೆಲ್ಲ ಕುಡಿಸ್ತೀವಿ. ಹತ್ತಿದ್ದನ್ನ ಇಳಿಸಾಕೂ ಡಾಕ್ಟರು ಅದಾರಾ?"

ಹಿರಿಯರ ಮನಸ್ಸು ನೋಯಿಸಬಾರದು ಅಂತ ಒಂದು ತಿಂದೆ. ಅವರು ಬೆಣ್ಣೆ ಹಾಕಿದರು, ಇನ್ನೊಂದು ತಿಂದೆ. ನಾಲ್ಕನೆಯದಕ್ಕೆ ಅಜ್ಜಿ ತಾವಾಗಿಯೇ ಬುಟ್ಟಿ ಮುಚ್ಚಿದರು. "ಏಳವ್ವಾ, ಈಗ ನಿಮ್ಮ ಡಾಕ್ಟರು ಹೇಳಿದ್ದು ನನಗೂ ತಿಳೀತು."

೪. ಹರಕೆ

ಹೀಗೆ ನನ್ನ ಕೈಯಲ್ಲಿ ಆಗದು ಅಂತ ಗೊತ್ತಾದ ಮೇಲೆ ಶಿವನಿಗೇ ಒಪ್ಪಿಸಿದೆ. "ತಂದೇ, ಎಂಟು ಕಿಲೋ ಇಳಿಸು, ನೆಲದ ಮೇಲೆ ಕೂತು ನಿನ್ನ ಪೂಜೆ ಮಾಡುವ ಭಾಗ್ಯ ಉಳಿಸು. ನನ್ನ ತೂಕದ ಬೆಲ್ಲದ ತುಲಾಭಾರ ಮಾಡಿಸ್ತೀನಿ" ಅಂತ ಹರಕೆ ಹೊತ್ತು, ಮನೆಗೊಂದು ತೂಕದ ಯಂತ್ರ ತರಿಸಿದೆ. ಹತ್ತಿ ನೋಡುತ್ತೇನೆ, ಎಪ್ಪತ್ತೇಳು! ಹರಕೆ ಹೊತ್ತ ಮೂರೇ ದಿನಕ್ಕೆ ಐದು ಕಿಲೋ! ಕಣ್ಣಲ್ಲಿ ನೀರು ಬಂತು. ಎರಡು ತಿಂಗಳಿಗೆ ಎಪ್ಪತ್ನಾಲ್ಕಕ್ಕೆ ಬಂತು. ಮೊಣಕಾಲು ಮಾತ್ರ ಇನ್ನೂ ಒಪ್ಪಿರಲಿಲ್ಲ.

ನಮ್ಮ ಯಜಮಾನರಿಗೆ ಅಡಿಕೆ ವ್ಯಾಪಾರ. "ನನ್ನ ಕಣ್ಣಿಗೆ ಹಂಗೆ ಕಾಣವಲ್ದು ಕಣೆ" ಅಂದರು.

"ದೇವರ ಮಹಿಮೆ ನಿಮ್ಮ ಕಣ್ಣಿಗೆ ಯಾವತ್ತು ಕಂಡೈತೆ?" ಅಂತ ರೇಗಿದೆ.

ತ್ಯಾವಣಿಗೆ ಹತ್ತಿರ ನಮ್ಮ ಮನೆದೇವರ ಗುಡಿ. ಎಪ್ಪತ್ನಾಲ್ಕು ಕಿಲೋ ಬೆಲ್ಲದ ದಪ್ಪ ಉಂಡೆಗಳನ್ನು, ಪೆಂಟೆ ಅಂತೀವಿ ನಾವು, ವ್ಯಾನಿಗೆ ಹಾಕಿಕೊಂಡು, ನೆಂಟರಿಷ್ಟರನ್ನೆಲ್ಲ ಕರೆದುಕೊಂಡು ಹೋದೆವು. ಡಾಕ್ಟರು ಹೇಳಿದ್ದನ್ನೂ, ಎಂಟು ಕಿಲೋ ಇಳಿದದ್ದನ್ನೂ ನಾನು ನೆಂಟರಿಂದ ಹಿಡಿದು ಗುಡಿಯ ಅಡುಗೆಯವರ ತನಕ ಎಲ್ಲರಿಗೂ ಹೇಳಿಕೊಂಡಿದ್ದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ನಾನು ಚಕ್ಕಳಮಕ್ಕಳ ಹಾಕಿ ಕೂತೆ. ಇನ್ನೊಂದರಲ್ಲಿ ಬೆಲ್ಲವೆಲ್ಲ ಪೇರಿಸಿದರು. ಗಂಟೆ ಬಾರಿಸಿದರು.

ನನ್ನ ತಟ್ಟೆ ನೆಲ ಬಿಟ್ಟು ಏಳಲಿಲ್ಲ.

"ಸರಿಯಾಗಿ ಕೂತ್ಕೊಳ್ಳಿ ಅಮ್ಮ" ಅಂದರು ಪೂಜೆಯ ಅಯ್ನೋರು. ಸರಿಯಾಗಿಯೇ ಕೂತೆ. ಅಲುಗಲಿಲ್ಲ. ಪಕ್ಕದ ಮನೆಯ ಅಕ್ಕ ತಾವು ತಂದ ಐದು ತೆಂಗಿನಕಾಯಿ ಇಟ್ಟರು. ತಂಗಿ ಬಾಳೆಹಣ್ಣಿನ ಚಿಪ್ಪು ಇಟ್ಟಳು. ನಾನು ಉಸಿರು ಬಿಗಿಹಿಡಿದು ಪಂಚಾಕ್ಷರಿ ಜಪಿಸಿದೆ. "ಉಸಿರು ಹಿಡಿದ್ರೆ ತೂಕ ಇಳಿಯಲ್ಲಮ್ಮ" ಅಂತ ಯಾರೋ ಅಂದರು, ಹಿಂದೆ ನಿಂತವರೆಲ್ಲ ನಕ್ಕರು.

ಅಷ್ಟರಲ್ಲಿ ಯಜಮಾನರು ವ್ಯಾನಿನ ಕಡೆ ಹೋಗಿ, ಹತ್ತು ಕಿಲೋದ ಇನ್ನೊಂದು ಪೆಂಟೆ ಹೊತ್ತು ತಂದರು. ಕಾಯಿ, ಹಣ್ಣು ತೆಗೆಸಿ ಅದನ್ನಿಟ್ಟರು. ತಕ್ಕಡಿ ಅಲುಗಿ, ನಾನು ಮೆಲ್ಲಗೆ ಮೇಲೆದ್ದೆ. ಎಪ್ಪತ್ನಾಲ್ಕಲ್ಲ, ಎಂಬತ್ನಾಲ್ಕು. ಇಳಿಯುವುದಿರಲಿ, ಎರಡು ಏರಿತ್ತು!

"ಇದನ್ನ ಯಾವಾಗ ತಂದ್ರಿ?" ಅಂತ ಪಿಸುಗುಟ್ಟಿದೆ.

"ಮೂವತ್ತು ವರ್ಷ ಅಡಿಕೆ ಮೂಟೆ ತೂಗೀನಿ ಕಣೆ. ಮನೇಲಿ ಆ ಯಂತ್ರ ಹತ್ತಿದಾಗೆಲ್ಲ, ಬೀಳ್ತೀನಿ ಅಂತ ಎರಡೂ ಕೈಯಲ್ಲಿ ಕಿಟಕಿ ಸರಳಿಗೆ ಜೋತು ಬೀಳ್ತಿದ್ದೆಯಲ್ಲ, ಉಳಿದ ತೂಕನ ಕಿಟಕಿ ಹೊತ್ಕೊಂಡಿತ್ತು."

"ಅವತ್ತೇ ಹೇಳಬಾರದಿತ್ತಾ?"

"ದೇವರು ಇಳಿಸ್ಯಾನೆ ಅಂತಿದ್ದೆ. ದೇವರಿಗೆ ಎದುರು ಮಾತಾಡಾಕೆ ನಾನ್ಯಾರು?"

ತಟ್ಟೆ ಕೆಳಗಿಳಿಸಿದಾಗ ಮಂಡಿ ಹಿಡಿದುಕೊಂಡು ಏಳಲಾಗಲಿಲ್ಲ. ಮೂವರು ಹೆಂಗಸರು ಎತ್ತಿದರು. ಅಯ್ನೋರು ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು. ಬೇಡ ಅನ್ನುವ ಮುಖ ನನಗೆಲ್ಲಿತ್ತು? ಮಂಗಳಾರತಿಗೆ ಅದರ ಮೇಲೇ ಕೂತು ತಲೆ ತಗ್ಗಿಸಿದೆ. ಶಿವನ ಹೆಸರು ಹೇಳಿಕೊಂಡು ಊರಿಗೆಲ್ಲ ಸುಳ್ಳು ಸಾರಿದೆನಲ್ಲ, ಕ್ಷಮಿಸು ತಂದೆ ಅಂದೆ. ನೋವಿಲ್ಲದೆ ಕೂತದ್ದಕ್ಕೋ ಏನೋ, ಎಷ್ಟೋ ತಿಂಗಳ ಮೇಲೆ ಅವತ್ತು ನನಗೆ ಮಂಡಿ ನೆನಪಾಗಲಿಲ್ಲ, ಅವನು ಮಾತ್ರ ನೆನಪಾದ. ಮಾರನೆಯ ದಿನದಿಂದ ಮನೆಯಲ್ಲೂ ಕುರ್ಚಿ.

ಹೊರಡುವಾಗ ದಾಸೋಹದ ಅಡುಗೆ ಮಾಡುವ ಅಜ್ಜಿ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಸಮಾಧಾನ ಹೇಳುತ್ತಾರೆ ಅಂದುಕೊಂಡೆ.

"ಯವ್ವಾ, ನಿನ್ನ ಪುಣ್ಯದಿಂದ ಯುಗಾದಿ ತನಕ ಪಾಯಸಕ್ಕೆ ಯೋಚನೆ ಇಲ್ಲ. ಮುಂದಿನ ವರ್ಷಾನೂ ನೀನೇ ಬಾ. ಆ ಡಾಕ್ಟರ ಮಾತು ಮಾತ್ರ ಕೇಳಬ್ಯಾಡ!"