ಬೇಡ ಅಂದ ಸೀಟು

ಹೊಟ್ಟೆಕಿಚ್ಚು ಎಳೆಯ ಪ್ರಾಯದ ಕಾಯಿಲೆ, ತಲೆ ನರೆತ ಮೇಲೆ ತಾನಾಗಿ ಇಳಿಯುತ್ತದೆ ಎಂದು ನಂಬಿದ್ದೆ. ಐವತ್ತೊಂದು ತುಂಬಿದ ಮೇಲೆ ನನಗದು ಹೊಸದಾಗಿ ಶುರುವಾಗಿದೆ. ಕಾರಣ ಸರೋಜಕ್ಕ.

ಸವಣೂರು ಪೇಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಊರಿನ ಮಕ್ಕಳ ಕಾಲೇಜು ಅರ್ಜಿಗಳನ್ನು ತುಂಬಿಸಿ ತುಂಬಿಸಿ ಒಂದು ದಿನ ನನ್ನದನ್ನೂ ತುಂಬಿಸಿಬಿಟ್ಟೆ. ಹತ್ತಿರದ ಸರಕಾರಿ ಕಾಲೇಜಿನಲ್ಲಿ ಬಿ.ಎ.ಗೆ ಸೀಟು ಸಿಕ್ಕಿತು. ಮೊದಲ ದಿನ ತರಗತಿಯೊಳಗೆ ಕಾಲಿಟ್ಟಾಗ ಮಕ್ಕಳೆಲ್ಲ ಎದ್ದು ನಿಂತರು, ಮೇಷ್ಟ್ರೆಂದು ತಿಳಿದಿರಬೇಕು. ಹಿಂದಿನ ಬೆಂಚಿನಲ್ಲಿ ಕೂತೇ ಇದ್ದವರು ಸರೋಜಕ್ಕ ಒಬ್ಬರೇ. ಕೋಡಿಂಬಾಳದವರು, ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಕೆಲಸ ಬಿಟ್ಟು ಓದಲು ಬಂದವರು. “ಇಲ್ಲಿ ಕೂತ್ಕೊಳ್ಳಿ ಅಣ್ಣ, ಎಂತ ಹೆದರುದು? ನಾನಿದ್ದೇನಲ್ಲ” ಎಂದರು.

ಎರಡು ವರ್ಷ ಜೊತೆಗೆ ಓದಿದೆವು. ಆಗ ದೂರದ ಒಂದು ಭಾರೀ ವಿಶ್ವವಿದ್ಯಾಲಯ, ಬುದ್ಧಿವಂತ ಮಕ್ಕಳಿಗೇ ಸೀಟು ಸಿಗದ ಜಾಗ, ನಮ್ಮಂಥ ಸಣ್ಣ ಕಾಲೇಜಿನ ಪ್ರಾಯ ಮೀರಿದವರನ್ನೂ ನೇರ ಮೂರನೇ ವರ್ಷಕ್ಕೆ ಸೇರಿಸಿಕೊಳ್ಳುತ್ತದೆಂದು ತಿಳಿಯಿತು. ಇಬ್ಬರ ಅರ್ಜಿಯನ್ನೂ ನಾನೇ ತುಂಬಿಸಿದೆ. ಸಂದರ್ಶನವೂ ನನ್ನ ಅಂಗಡಿಯ ಕಂಪ್ಯೂಟರಿನಲ್ಲೇ.

ಸರೋಜಕ್ಕನ ಸರದಿ ಮೊದಲು. ಸೀಟು ಕೊಟ್ಟರೆ ಬರುತ್ತೀರಾ ಎಂದು ಅತ್ತಲಿಂದ ಇಂಗ್ಲಿಷಿನಲ್ಲಿ ಕೇಳಿದ್ದೇ ತಡ, “ಕಮಿಂಗ್ ಸಾರ್. ಟುಮಾರೋ ಆಲ್ಸೋ ಕಮಿಂಗ್” ಎಂದುಬಿಟ್ಟರು. ನನಗೇ ನಾಚಿಕೆಯಾಯಿತು.

ನನ್ನನ್ನು ಸಾಕಿದವಳು ಅಜ್ಜಿ. ಪಂಕ್ತಿಯಲ್ಲಿ ಹೋಳಿಗೆ ಬಂದರೆ ನಾವು ಬಾಳೆಲೆಗೆ ಕೈ ಅಡ್ಡ ಹಿಡಿದು ಬೇಡ ಬೇಡ ಅನ್ನಬೇಕು; ಬಡಿಸುವವರು “ಒಂದು ಮಾರಾಯ್ರೆ, ಒಂದೇ ಒಂದು” ಎಂದು ಒತ್ತಾಯಿಸಿ ಕೈಯ ಸಂದಿನಿಂದ ಎರಡು ಹಾಕಬೇಕು. ಅವಳು ಕಲಿಸಿದ ಮರ್ಯಾದೆ ಅದು. ನನಗೂ ಅದೇ ಪ್ರಶ್ನೆ ಬಂತು. ನನಗೆಂತಕ್ಕೆ ಸಾರ್, ಯಾರಾದರೂ ಎಳೆಯರಿಗೆ ಕೊಡಿ ಎಂದು ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿ, ಕೈ ಮುಗಿದು, ಒತ್ತಾಯಕ್ಕಾಗಿ ಕಾದೆ. ಅವರು ಥ್ಯಾಂಕ್ಯೂ ಎಂದರು. ಪರದೆ ಕಪ್ಪಾಯಿತು.

ಸರೋಜಕ್ಕನಿಗೆ ಸೀಟಿನ ಪತ್ರ ಬಂತು. ಅದನ್ನು ಪ್ರಿಂಟ್ ತೆಗೆದವನೂ ನಾನೇ, ಲ್ಯಾಮಿನೇಶನ್ ಮಾಡಿದವನೂ ನಾನೇ. ಮಾಡುವಾಗ ಒಂದು ಮೂಲೆಯಲ್ಲಿ ಗುಳ್ಳೆ ಎದ್ದಿತು. ಬೇಕೆಂದು ಮಾಡಿದ್ದಲ್ಲ, ಬೇಸರವೂ ಆಗಲಿಲ್ಲ.

ಕಾಲೇಜಿನಲ್ಲಿ ಸರೋಜಕ್ಕನ ಬೀಳ್ಕೊಡುಗೆಯ ದಿನ ನಾನು ಭಾಷಣವನ್ನು ಅರ್ಧಕ್ಕೇ ನಿಲ್ಲಿಸಿ ಮೈಕು ಕೊಟ್ಟುಬಿಟ್ಟೆ. ಮಕ್ಕಳು ಅದನ್ನು ಪ್ರೀತಿ ಅಂದುಕೊಂಡರು. ವೇದಿಕೆ ಇಳಿದಾಗ ಸರೋಜಕ್ಕ ಮೆಲ್ಲನೆ, “ಹೊಟ್ಟೆ ಉರಿಯುದಾದ್ರೆ ಹೊರಗೆ ಮಜ್ಜಿಗೆ ಉಂಟು ಅಣ್ಣ” ಎಂದರು.

ಪೇಟೆಯಲ್ಲಿ ಕೇಳಿದವರಿಗೆಲ್ಲ, ಎಳೆಯರಿಗಾಗಿ ಸೀಟು ಬಿಟ್ಟುಕೊಟ್ಟೆ ಎಂದೆ. ಪೂರ್ತಿ ಸುಳ್ಳಲ್ಲವಲ್ಲ. “ನಿಮ್ಮಷ್ಟು ದೊಡ್ಡ ಮನಸ್ಸು ಯಾರಿಗೆ ಉಂಟು ಮಾರಾಯ್ರೆ” ಎಂದು ಪಕ್ಕದ ಹೋಟೆಲಿನವರು ಕೊಂಡಾಡಿದರು. ಯುವಕ ಮಂಡಲದವರು ಶಾಲು ಹೊದೆಸಿದರು.

ಮೊನ್ನೆ ಆ ವಿಶ್ವವಿದ್ಯಾಲಯದಿಂದ ಸರೋಜಕ್ಕನ ಫೋನು. “ಅಣ್ಣ, ಇಲ್ಲಿ ಒಂದು ಸೀಟು ಖಾಲಿ ಉಂಟು. ಶುಕ್ರವಾರ ಕೊನೆ ದಿನ. ನೀವು ಅರ್ಜಿ ಹಾಕುದಾ?”

“ಛೆ, ತ್ಯಾಗ ಮಾಡಿದವ ಹಾಗೆಲ್ಲ ಹಾಕುದುಂಟಾ” ಎಂದೆ, ಅಂಗಡಿಯಲ್ಲಿದ್ದ ನಾಲ್ಕು ಜನರಿಗೆ ಕೇಳುವಂತೆ. ಆಮೇಲೆ ಫೋನು ಹಿಡಿದುಕೊಂಡೇ ಹಿಂದಿನ ಕೋಣೆಗೆ ಹೋಗಿ, ಬಾಗಿಲು ಹಾಕಿ, ದನಿ ತಗ್ಗಿಸಿ ಹೇಳಿದೆ: “ಹಾಕಿ ಮೂರು ದಿನ ಆಯ್ತು. ಊರಲ್ಲಿ ಯಾರಿಗೂ ಹೇಳ್ಬೇಡಿ.”