ನಾಲ್ಕು ಬೆರಳು ಸರಿದ ಕಪಾಟು

ಭಾನುವಾರ ಬೆಳಿಗ್ಗೆ ಉಪ್ಪುಂದದಲ್ಲಿ ಭೂಮಿ ಸ್ವಲ್ಪ ನಡುಗಿತು. ಯಾರಿಗೂ ಪೆಟ್ಟಾಗಲಿಲ್ಲ. ವನಜಳ ಮನೆಯಲ್ಲಂತೂ ಒಂದು ಲೋಟವೂ ಅಲುಗಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಕೇರಿಯವರೆಲ್ಲ ರಸ್ತೆಗೆ ಬಂದು ನಿಂತಿದ್ದರು.

"ಹ್ವಾಯ್, ನಮ್ಮನಿ ಫ್ರಿಜ್ ಒಂದ್ ಗೇಣ್ ಮುಂದ್ ಬಂದಿತ್ ಮಾರಾಯ್ರೆ!" ಎಂದಳು ಪಕ್ಕದ ಮನೆಯ ಗುಣವತಿ, ಮಗಳಿಗೆ ರ‍್ಯಾಂಕ್ ಬಂದವಳ ಹಾಗೆ.

"ಅದೆಂತ ಮಹಾ? ನಮ್ಮನಿ ಸೋಫಾ ಬಾಗ್ಲಿಗೇ ಅಡ್ಡ ನಿಂತಿತ್," ಎಂದಳು ಮೀನು ಮಾರುವ ನಾಗು.

ಎಲ್ಲರೂ ಫ್ರಿಜ್ ನೋಡಲು ಹೋದರು, ಆಮೇಲೆ ಸೋಫಾ ನೋಡಲು. ವನಜಳನ್ನು ಯಾರೂ ಕೇಳಲಿಲ್ಲ. ಐಸ್ ಪ್ಲಾಂಟಿನ ಕಚೇರಿಯಲ್ಲಿ ಗುಮಾಸ್ತೆಯಾದ ಅವಳು ಈ ಬಾಡಿಗೆ ಮನೆಗೆ ಒಬ್ಬಳೇ ಬಂದು ಆರು ವರ್ಷ. ಅಷ್ಟರಲ್ಲಿ ಒಳಗೆ ಕಾಲಿಟ್ಟವರೆಂದರೆ ಗ್ಯಾಸಿನವನು ಮತ್ತು ಒಮ್ಮೆ ದಾರಿ ತಪ್ಪಿದ ಒಂದು ಕರು. ಹನ್ನೆರಡು ಕಪ್ಪಿನ ಸೆಟ್ಟಿನಲ್ಲಿ ಹನ್ನೊಂದು ಇನ್ನೂ ಹೊಸದಾಗಿಯೇ ಇದ್ದವು.

ಅವಳು ಒಳಗೆ ಹೋಗಿ ಕಬ್ಬಿಣದ ಕಪಾಟನ್ನು ನೋಡಿದಳು. ದೋಣಿಯವರ ಮನೆಯ ಮಗಳು. ದೋಣಿಯನ್ನು ಮರಳಿನ ಮೇಲೆ ಎಳೆಯುವಾಗ ಅಡಿಯ ಮರದ ತುಂಡುಗಳಿಗೆ ಎಣ್ಣೆ ಸವರುವುದನ್ನು ಕಂಡು ಬೆಳೆದವಳು. ಕಪಾಟಿನ ನಾಲ್ಕೂ ಕಾಲಿನ ಬುಡಕ್ಕೆ ತೆಂಗಿನೆಣ್ಣೆ ಬಿಟ್ಟಳು. ಗೋಡೆಗೆ ಕಾಲು ಕೊಟ್ಟು ಬೆನ್ನಿನಿಂದ ದೂಡಿದಳು. ಕಪಾಟು ನಿದ್ದೆಗೆಟ್ಟ ಮುದುಕನಂತೆ ನರಳಿ ನಾಲ್ಕು ಬೆರಳು ಸರಿಯಿತು. ಎಣ್ಣೆಯನ್ನು ಸೋಪಿನ ನೀರಿನಲ್ಲಿ ಉಜ್ಜಿ ಒರೆಸಿ, ಬಾಗಿಲಿಗೆ ಬಂದು ಕೂಗಿದಳು:

"ನಮ್ಮನಿ ಕಪಾಟೂ ಜಾರಿತ್ ಕಾಣಿ!"

ಐದೇ ನಿಮಿಷದಲ್ಲಿ ಮನೆ ತುಂಬಿತು. ನೆಲದ ಮೇಲೆ ಕಪಾಟಿನ ಹಳೆಯ ಜಾಗ ಬೆಳ್ಳಗೆ ಕಾಣುತ್ತಿತ್ತು. ಹನ್ನೆರಡೂ ಕಪ್ಪಿನಲ್ಲಿ ಚಾ ಬಂತು. ನಾಗು ಮಂಚದ ಮೇಲೆ ಕಾಲು ಮಡಚಿ ಕೂತು, "ನಿಮ್ ಚಾ ಲಾಯ್ಕಿತ್ ವನಜಕ್ಕ, ಇನ್ ದಿನಾ ಬತ್ತೆ," ಎಂದಳು. ವನಜ ಅವಳ ಕಪ್ಪಿಗೆ ಇನ್ನಷ್ಟು ಚಾ ಬಗ್ಗಿಸಿದಳು.

ಆಗ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುವ ರತನ್ ಮಂಡಿಯೂರಿ ನೆಲ ಸವರಿದ.

"ನಿಮ್ದೆಲ್ಲ ನುಣ್ಣನೆ ಟೈಲ್ಸ್. ಸಣ್ಣ ನಡುಕಕ್ಕೂ ಸಾಮಾನ್ ಜಾರತ್ತ್. ಇದ್ ದೊರಗು ಸಿಮೆಂಟ್. ಇಲ್ಲ್ ಜಾರ್ಕಾರೆ ಮೂರ್ ಪಟ್ಟ್ ನಡುಕ ಬೇಕ್."

"ಕಪಾಟ್ ಭಾರ ಅಂದೇಳಿಯಾ?" ಗುಣವತಿ ಕೇಳಿದಳು.

"ಭಾರ ಲೆಕ್ಕಕ್ಕಿಲ್ಲೆ. ನೆಲದ್ ಹಿಡ್ತ ಮುಖ್ಯ. ಅಂದ್ರೆ, ಈ ಮನಿ ಅಡಿಗ್ ಮಾತ್ರ ಭೂಮಿ ಜೋರ್ ನಡ್ಗಿತ್. ಒಳಗೆ ಟೊಳ್ಳೋ ಏನೋ."

ಹನ್ನೆರಡು ಕಪ್ಪುಗಳು ಒಟ್ಟಿಗೇ ಕೆಳಗಿಳಿದವು, ಕೂತವರೆಲ್ಲ ಎದ್ದರು.

"ಅಯ್ಯೋ, ಕೂಕಣಿ! ನಾನೇ ದೂಡಿದ್ದ್!" ಎಂದಳು ವನಜ.

"ನೀವಾ? ಎಂತಕೆ?"

ಉತ್ತರ ಅವಳಿಗೆ ಗೊತ್ತಿತ್ತು. ಹೇಳುವಂಥದ್ದಾಗಿರಲಿಲ್ಲ.

"ಹಂಗಾರೆ ಈಗ ದೂಡಿ ಕಾಂಬ," ಎಂದ ರತನ್.

ವನಜ ದೂಡಿದಳು. ತೊಳೆದು ಒಣಗಿದ ನೆಲ ಕಪಾಟನ್ನು ಬಿಟ್ಟುಕೊಡಲಿಲ್ಲ. "ಎಣ್ಣಿ ಹಾಕ್ರೆ ಜಾರತ್ತ್," ಎಂದಳು ಏದುಸಿರು ಬಿಡುತ್ತ.

"ಪಾಪ, ಹೆದ್ರಿ ಎಂತೆಂತದೋ ಮಾತಾಡ್ತ್ರ್," ಎನ್ನುತ್ತ ನಾಗು ಹೊಸ್ತಿಲು ದಾಟಿದಳು. ಉಳಿದವರೂ ದಾಟಿದರು. ಗುಣವತಿ ಮಾತ್ರ ಅಂಗಳದಲ್ಲಿ ನಿಂತು, ಏನಾದರೂ ಆದರೆ ಇರಲಿ ಎಂದು ವನಜಳ ಮೊಬೈಲ್ ನಂಬರ್ ಕೇಳಿದಳು. ವನಜ ಎರಡೆರಡು ಸಲ ಹೇಳಿದಳು.

ಮಧ್ಯಾಹ್ನ ಕಪ್ಪು ತೊಳೆಯುತ್ತಿದ್ದಾಗ ಫೋನು ಸದ್ದು ಮಾಡಿತು. ಕೇರಿಯ ವಾಟ್ಸಾಪ್ ಗುಂಪಿಗೆ ಅವಳನ್ನು ಸೇರಿಸಿದ್ದರು. ಕೈ ಒರೆಸಿಕೊಂಡು ಆತುರದಿಂದ ತೆರೆದಳು. ಮೊದಲ ಸಂದೇಶ ಬಂತು:

"ಯಾರೂ ವನಜಕ್ಕನ ಮನಿಗೆ ಹೋಪ್ಕಾಗ, ಅಪಾಯ. ಮಕ್ಕಳಿಗೂ ಹೇಳಿ."

ಅದರ ಕೆಳಗೆ ಒಂದೊಂದಾಗಿ ಹೆಬ್ಬೆಟ್ಟುಗಳು ಎದ್ದವು. ಹೊಸದಾಗಿ ಸೇರಿದವಳು ಸುಮ್ಮನಿದ್ದರೆ ಮರ್ಯಾದೆಯಲ್ಲವೆಂದು ವನಜಳೂ ಒಂದು ಹೆಬ್ಬೆಟ್ಟು ಒತ್ತಿದಳು.