ಏಳು ಹಾಲಿ, ಆರು ಕಲ್ದಾರ

ನನಗೊಂದು ಚಟವಿದೆ. ಎಲೆ ಅಡಿಕೆಯದ್ದಲ್ಲ, ಇಸ್ಪೀಟಿನದ್ದೂ ಅಲ್ಲ, ವಿವರಿಸುವ ಚಟ. ಬಸ್ಸು ಎಷ್ಟಕ್ಕೆ ಎಂದು ಯಾರಾದರೂ ಕೇಳಿದರೆ ಹೊತ್ತು ಹೇಳಿ ಸುಮ್ಮನಾಗುವುದು ನನ್ನಿಂದಾಗದು. ಆ ಬಸ್ಸು ಮೊದಲು ಯಾವ ದಾರಿಯಲ್ಲಿ ಬರುತ್ತಿತ್ತು ಎಂಬಲ್ಲಿಂದ ಶುರು ಮಾಡುತ್ತೇನೆ. ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಅಣ್ಣಿಗೇರಿಯಲ್ಲಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿ ಅಂಟಿಕೊಂಡ ರೋಗವಿದು. ಮಕ್ಕಳು ಗಂಟೆ ಬಾರಿಸಿದ ಕೂಡಲೇ ಪಾರಾಗುತ್ತಿದ್ದರು. ಮನೆಯವರಿಗೆ ಆ ಅನುಕೂಲವಿಲ್ಲ.

ಹೋದ ದೀಪಾವಳಿಗೆ ಮುಂಚೆ ನನ್ನ ತಮ್ಮ ಬಸು ಹಿಂದಿನ ಓಣಿಯಲ್ಲಿ ಮನೆ ಕಟ್ಟಿಸಿ ಬೇರೆ ಒಲೆ ಹೂಡಿದ. ಬೇರೆ ಒಲೆಯೆಂದರೆ ಬೇರೆ ಲಕ್ಷ್ಮೀ ಪೂಜೆ. ಪೂಜೆಯ ತಟ್ಟೆಗೆ ಬೆಳ್ಳಿ ರೂಪಾಯಿ ಬೇಕು. ಅವ್ವ ಟ್ರಂಕಿನ ತಳದಿಂದ ಹಳೆಯ ಗಂಟು ತೆಗೆದು ಪಡಸಾಲೆಯಲ್ಲಿ ಸುರುವಿದಳು. ಹದಿಮೂರು ರೂಪಾಯಿ. ಎದುರಿಗೆ ಅವಳ ಸೊಸೆಯರಿಬ್ಬರು: ನನ್ನ ಹೆಂಡತಿ ಸುಮಿತ್ರಾ, ಬಸುವಿನ ಹೆಂಡತಿ ನೀಲಾ. ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ಜಗಳವಿಲ್ಲದೆ ರೊಟ್ಟಿ ಬಡಿದವರು. "ಒಬ್ಬಾಕಿಗೆ ಒಂದು ಹೆಚ್ಚಾತಂದ್ರ ಇನ್ನೊಬ್ಬಾಕಿ ಸಾಯೂತನಕಾ ನೆನಪಿಡ್ತಾಳು," ಎಂದಳು ಅವ್ವ. ಇದು ನಗೆಯ ಮಾತಲ್ಲ. ಅವ್ವನೂ ನಮ್ಮ ದೊಡ್ಡವ್ವನೂ ಒಂದು ಆರತಿ ತಟ್ಟೆಯ ಸಲುವಾಗಿ ಮಾತು ಬಿಟ್ಟವರು, ಮತ್ತೆ ಆಡಲೇ ಇಲ್ಲ. ಈ ಇಬ್ಬರಿಗೂ ಹಾಗಾದರೆ ಏನು ಗತಿ ಎಂದು ನನಗೆ ನಿಜವಾಗಿಯೂ ಭಯವಾಯಿತು.

ರೂಪಾಯಿಗಳನ್ನು ಕೈಗೆತ್ತಿಕೊಂಡು ನೋಡಿದೆ. ಆರರ ಮೇಲೆ ಇಂಗ್ಲಿಷ್ ರಾಜನ ಮುಖ, ಏಳರ ಮೇಲೆ ಚಾರ್‌ಮಿನಾರ್. ನಮ್ಮ ಅಜ್ಜ ಅರಳೆ ವ್ಯಾಪಾರಿ. ಆಗ ಅಣ್ಣಿಗೇರಿ ಮುಂಬೈ ಸರಕಾರದ್ದು. ಗದಗ ದಾಟಿ ಚಕ್ಕಡಿ ಹೊಡೆದರೆ ನಿಜಾಮನ ಸೀಮೆ. ಈ ಕಡೆ ನಡೆಯುವುದು ಇಂಗ್ಲಿಷರ ಕಲ್ದಾರ ರೂಪಾಯಿ, ಆ ಕಡೆ ನಿಜಾಮ ತನ್ನದೇ ಟಂಕಸಾಲೆಯಲ್ಲಿ ಹೊಡೆಸಿದ ಹಾಲಿ ರೂಪಾಯಿ. ಅಜ್ಜ ಬಲ ಕಿಸೆಯಲ್ಲಿ ಒಂದು, ಎಡ ಕಿಸೆಯಲ್ಲಿ ಇನ್ನೊಂದು ಇಟ್ಟುಕೊಂಡು ತಿರುಗುತ್ತಿದ್ದನಂತೆ. ಕಲ್ದಾರ ಒಂದು ತೊಲ ತೂಗುತ್ತಿತ್ತು, ಬೆಳ್ಳಿಯೂ ಚೊಕ್ಕ. ಹಾಲಿಯದು ತೂಕ ತುಸು ಕಮ್ಮಿ, ಬೆರಕೆ ತುಸು ಹೆಚ್ಚು. ಹೀಗಾಗಿ ಏಳು ಹಾಲಿ ಕೊಟ್ಟರೆ ಆರು ಕಲ್ದಾರ ಸಿಗುತ್ತಿತ್ತು. ನನ್ನ ಮುಂದೆ ಇದ್ದದ್ದೂ ಅಷ್ಟೇ, ಏಳು ಮತ್ತು ಆರು! ಅಜ್ಜನೇ ಸಮಪಾಲು ಮಾಡಿಟ್ಟು ಹೋದಂತಿತ್ತು.

ಇಂಥ ಅವಕಾಶ ಗಣಿತದ ಮಾಸ್ತರನಿಗೆ ಜನ್ಮದಲ್ಲಿ ಒಮ್ಮೆ ಬರುತ್ತದೆ. ಒಂದು ತಾಸು ವಿವರಿಸಿದೆ. ಬಸು ಗೋಡೆಗೆ ಒರಗಿ ನಿದ್ದೆ ಮಾಡಿದ. ಅವ್ವ ಹಬ್ಬಕ್ಕೆ ಬೇಕಾದ ಬತ್ತಿಯನ್ನೆಲ್ಲ ಹೊಸೆದು ಮುಗಿಸಿದಳು. ಸುಮಿತ್ರಾಳ ಕಣ್ಣು ಏಳರ ಮೇಲಿತ್ತು. ತಟ್ಟೆ ತುಂಬಿ ಕಾಣಲೆಂಬ ಆಸೆ. ನಾನು ಕಿವಿಯಲ್ಲಿ, "ಆರು ತಗೋ. ಬೆಲಿ ಅಷ್ಟ. ಮ್ಯಾಲೆ, ಕಲ್ದಾರ ಅಂದ್ರ ಕಲ್ದಾರ," ಎಂದೆ. ಪಾಪ, ತಗೊಂಡಳು.

ಮರುವಾರ ನಮ್ಮ ಪಾಲಿನ ಆರಕ್ಕೆ ಹೊಳಪು ಹಾಕಿಸಲು ಬೆಳ್ಳಿ ಬಂಗಾರದ ಕೆಲಸದ ಪತ್ತಾರನ ಅಂಗಡಿಗೆ ಒಯ್ದೆ. ಅವನಿಗೂ ಏಳಕ್ಕೆ ಆರರ ಪಾಠ ಶುರು ಮಾಡಿದ್ದೆ, ಅವನು ಕೈ ಎತ್ತಿ ತಡೆದ. "ಮಾಸ್ತರ, ಇಸವಿ ನೋಡೀರೇನು? ಇವು ಯುದ್ಧದ ಟೈಮಿನಾಗ ಹೊಡದಾವು. ಬೆಳ್ಳಿ ಸಾಲದ್ದಕ್ಕ ಇಂಗ್ಲಿಷರು ಅರ್ಧಕ್ಕರ್ಧ ಬ್ಯಾರೆ ಲೋಹ ಹಾಕಿದ್ರು. ಆರೂ ಅಂಥಾವ." ಆರರ ಬೆಳ್ಳಿ ಕೂಡಿದರೂ ನಾಲ್ಕು ಹಾಲಿಗೂ ಸಾಟಿಯಲ್ಲ ಎಂದು ನಿಂತಲ್ಲೇ ಲೆಕ್ಕ ಹಾಕಿದೆ. ಗಣಿತ ಬಲ್ಲವನ ದುಃಖವೆಂದರೆ ಎಷ್ಟು ಮುಳುಗಿದೆ ಎಂಬುದು ತಕ್ಷಣ ತಿಳಿದುಬಿಡುತ್ತದೆ.

ಸುಮಿತ್ರಾಳಿಗೆ ಹೇಳುವ ಧೈರ್ಯವಾಗಲಿಲ್ಲ. ನನ್ನ ಮಾತು ನಂಬಿ ಏಳನ್ನು ಬಿಟ್ಟವಳು ಅವಳು. ಈಗ ನಿಜ ತಿಳಿದರೆ ನೀಲಾಳ ಮೇಲೆ ಮನಸ್ಸು ಕಹಿಯಾಗದೆ ಇದ್ದೀತೇ? ರೂಪಾಯಿಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ನೇರವಾಗಿ ತಮ್ಮನ ಮನೆಗೆ ಹೋದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಮೋಸ ಮಾಡಲೆಂದೇ ಹೋದೆ.

"ನೀಲಾ, ಹೊಸಾ ಮನಿಗೆ ಕಲ್ದಾರ ಇದ್ರ ಶೋಭಾ. ನಾವು ಹಿರ್ಯಾರು, ನಮಗ ಹಾಲಿ ನಡೀತೈತಿ. ಬದಲಿ ಮಾಡೂಣು."

ಆಕೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಕೇಳಿದಳು: "ಪತ್ತಾರ ಏನಂದಾನ್ರಿ, ಭಾವಾರ?"

ನಾನು ಅಲ್ಲೇ ಕೂತೆ.

"ನಂದು ಕುಕನೂರ ಕಡೆ, ನಿಜಾಮನ ಸೀಮ್ಯಾಗ ತವರಮನಿ. ಯುದ್ಧದ ಕಲ್ದಾರ ನಮ್ಮ ಮುತ್ಯಾ ಕೈಲೆ ಮುಟ್ಟತಿದ್ದಿಲ್ಲಂತ. ಅವತ್ತ ಇಸವಿ ನೋಡಿ, ಹೇಳಬೇಕಂತ ನಾಕ ಸಲ ಬಾಯಿ ತಗದೆ. ನೀವು ಉಸರ ತಗೊಂಡ್ರಲ್ಲ ನಾ ಮಾತಾಡೂದು? ಕಡೀಕ ಮರುದಿನ ಅಕ್ಕಾಗ ಹೇಳಿದೆ."

"ಸುಮಿತ್ರಾಗ? ಏನಂದ್ಲು?"

"ಬಿದ್ದು ಬಿದ್ದು ನಕ್ಕಳು. 'ಸುಮ್ನಿರು, ಅವರ ತಾವಾಗೇ ಬರ್ತಾರ,' ಅಂದ್ಲು. ಹಂಚಿಕಿ ನಾವಿಬ್ರೂ ಆಗಲೇ ಮಾಡೇವ್ರಿ." ಒಳಗಿನಿಂದ ಒಂದು ಪುಟ್ಟ ಗಂಟು ತಂದು ನನ್ನ ಮುಂದೆ ಇಟ್ಟಳು. ಮೂರು ಹಾಲಿ. ನನ್ನ ಕರವಸ್ತ್ರ ಬಿಚ್ಚಿ ಮೂರು ಕಲ್ದಾರ ತೆಗೆದುಕೊಂಡಳು.

ಮಾಸ್ತರಿಕೆ ಸುಮ್ಮನಿರಬೇಕಲ್ಲ. "ಹಂಗಾದ್ರ ನಿನಗ ಒಂದು ಹಾಲಿ ಹೆಚ್ಚಾತಲ್ಲ?" ಎಂದೆ.

"ಹೌದ್ರಿ. ಅದು ನಿಮ್ಮ ಭಾಷಣಾ ಪೂರಾ ಕೇಳಿದ್ದಕ್ಕ. ಅಕ್ಕಾನ ತಗೋ ಅಂದ್ಲು."

ಎಲ್ಲವನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೊರಬಿದ್ದೆ. ಒಂದು ತಾಸಿನ ಭಾಷಣ ಕೇಳಿದ್ದಕ್ಕೆ ಒಂದು ಹಾಲಿ ರೂಪಾಯಿ. ದರ ಗೊತ್ತುಮಾಡಿದವಳು ಸ್ವತಃ ನನ್ನ ಹೆಂಡತಿ. ಅವಳು ನನ್ನನ್ನು ಕಟ್ಟಿಕೊಂಡು ಇಪ್ಪತ್ತೇಳು ವರ್ಷ. ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ನಡೆದೆ. ಅವಳಿಗೆ ಸಲ್ಲಬೇಕಾದ್ದನ್ನು ಸಲ್ಲಿಸಬೇಕೆಂದರೆ ನಿಜಾಮನ ಟಂಕಸಾಲೆಯನ್ನು ಮತ್ತೆ ತೆರೆಸದೆ ಗತಿಯಿಲ್ಲ.